ಕೆರೆಯಲ್ಲಿ ಮುಳುಗಿದ ಪುಟ್ಟ ಸಬ್‌ಮರೀನು ಹುಡುಕುವುದು ಹೇಗೆ? ಕಡಿಮೆ ಖರ್ಚಿನ ಪಿಂಗರ್ ಬಗ್ಗೆ ಸಲಹೆ ಬೇಕು

ಪಿವಿಸಿ ಪೈಪ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳು ಕೂತು ಮಾಡಿದ ಸಬ್‌ಮರೀನು ಹೋದ ತಿಂಗಳು ಕೆರೆಯಲ್ಲಿ ಕಳೆದುಹೋಯಿತು. ನಾಲ್ಕು ಇಂಚಿನ ಪಿವಿಸಿ ಪೈಪಿನದು, ಉದ್ದ ಒಂದೂಕಾಲು ಮೀಟರ್. ಒಳಗೆ ಮನುಷ್ಯ ಕೂರುವಂಥದ್ದಲ್ಲ, ಗಾಬರಿ ಬೇಡ. ನಮ್ಮೂರ ಕೆರೆ, ಎಲ್ಲೂ ಎರಡು ಆಳಿಗಿಂತ ಜಾಸ್ತಿ ಇಲ್ಲ. ಎರಡು ಸಲ ಮುಳುಗಿ ಎದ್ದಿತು. ಮೂರನೇ ಸಲ ಮುಳುಗಿತು, ಏಳಲಿಲ್ಲ. ಒಂದು ಗುಳ್ಳೆ ಕೂಡ ಬರಲಿಲ್ಲ.

ಐದು ದಿನ ಹುಡುಕಿದೆವು. ಕೊನೆಗೆ ಮೀನು ಹಿಡಿಯುವವರ ಬಲೆಗೆ ಸಿಕ್ಕಿತು. ನಾನು "ಇಲ್ಲೇ ಮುಳುಗಿದ್ದು" ಅಂತ ಬೆರಳು ತೋರಿಸುತ್ತಿದ್ದ ಜಾಗದಿಂದ ಅರವತ್ತು ಎಪ್ಪತ್ತು ಮೀಟರ್ ದೂರದಲ್ಲಿ! ಹರಿದ ಬಲೆಗೆ ಎಂಟುನೂರು ರೂಪಾಯಿ ಕೊಟ್ಟೆ. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಮತ್ತೆ ಹಾಗಾಗಬಾರದು. ರೇಡಿಯೋ, ಜಿಪಿಎಸ್ ನೀರೊಳಗೆ ನಡೆಯುವುದಿಲ್ಲ ಅಂತ ಗೊತ್ತಿದೆ. ಸದ್ದಿನಿಂದ ಜಾಗ ಹೇಳುವ ಸಾಧನ (ಪಿಂಗರ್) ಕೊಳ್ಳೋಣ ಅಂದರೆ ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕು ಬರುತ್ತದೆ. ಮನೆಯಲ್ಲೇ ಮಾಡಬಹುದಾ? ಎಚ್‌ಸಿ-ಎಸ್‌ಆರ್04 ಅಂತ ಸದ್ದಿನಿಂದ ದೂರ ಅಳೆಯುವ ಎರಡು ಕಣ್ಣಿನ ಸೆನ್ಸರ್ ಇದೆಯಲ್ಲ, ಮಕ್ಕಳ ರೋಬೋಟಿಗೆ ಹಾಕುವುದು. ಅದನ್ನು ಡಬ್ಬಿಯಲ್ಲಿ ಮುಚ್ಚಿ, ತೆಪ್ಪದಿಂದ ಕೆಳಕ್ಕೆ ತೋರಿಸಿದರೆ ಪ್ರತಿಧ್ವನಿ ಬರಲ್ವಾ?

ಆರನೇ ಸೆಮ್

ಅಣ್ಣ, ಅದನ್ನು ನಾನು ಮಾಡಿ ನೋಡಿದ್ದೇನೆ. ಹಾಸ್ಟೆಲ್ ಸಿಂಟೆಕ್ಸಿನಲ್ಲಿ. ಆ ಸೆನ್ಸರ್ 40 ಕಿಲೋಹರ್ಟ್ಸಿನ (ಸೆಕೆಂಡಿಗೆ 40 ಸಾವಿರ ಕಂಪನ) ಎಂಟು ಬಡಿತ ಬಿಟ್ಟು ಕಾಯುತ್ತದೆ. ಗಾಳಿಯಲ್ಲಿ ಬಂದ ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. ನೀರಲ್ಲಿ ಸದ್ದು ನಾಲ್ಕು ಪಟ್ಟಿಗಿಂತ ಜಾಸ್ತಿ ವೇಗ, ಅಲ್ಲಿ ಹದಿಮೂರೂವರೆಯಿಂದ ಭಾಗಿಸಬೇಕು. ಲೆಕ್ಕ ಎಲ್ಲ ಸರಿಯಾಗಿಯೇ ಬರೆದೆ. ಏನು ಮಾಡಿದರೂ ಒಂದೇ ಅಂಕಿ ಬರುತ್ತಿತ್ತು. ಎರಡು ದಿನ ಆದಮೇಲೆ ಗೊತ್ತಾಯಿತು, ಅದು ಅಳೆಯುತ್ತಿದ್ದದ್ದು ನನ್ನ ಪ್ಲಾಸ್ಟಿಕ್ ಡಬ್ಬಿಯ ಗೋಡೆಯನ್ನು.

ನಿವೃತ್ತ ಸೋನಾರ್ (ಚಿತ್ರದುರ್ಗ)

ಡಬ್ಬಿಯೊಳಗೆ ಗಾಳಿ ಇತ್ತಲ್ಲ, ಅದೇ ಕಾರಣ. ಗಾಳಿಯಿಂದ ನೀರಿಗೆ ದಾಟುವಾಗ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಉಳಿದದ್ದು ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ವಾಪಸ್ಸು. ದಂಡೆಯ ಮೇಲೆ ನಿಂತು ನಾವು ಎಷ್ಟು ಕಿರುಚಿದರೂ ಮೀನು ಕ್ಯಾರೇ ಅನ್ನದೇ ಇರುವುದು ಇದಕ್ಕೇ. ನೀರಿಗೂ ಸದ್ದು ಮಾಡುವ ಬಿಲ್ಲೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಕೆಲಸ ಕೆಟ್ಟಿತು. ಇದೊಂದು ಮಾತು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನೊಂದು. ನೀವು ಪ್ರತಿಧ್ವನಿಯ ಹಿಂದೆ ಬಿದ್ದದ್ದೇ ತಪ್ಪು. ದನದ ಕೊರಳಿಗೆ ಗಂಟೆ ಯಾಕೆ ಕಟ್ಟುತ್ತಾರೆ? ಕಾಡಿನಲ್ಲಿ ದನ ಎಲ್ಲಿದೆ ಅಂತ ನಾವು ಕಲ್ಲೆಸೆದು ನೋಡುವುದಿಲ್ಲ, ದನವೇ ಸದ್ದು ಮಾಡಲಿ ಅಂತ. ಪ್ರತಿಧ್ವನಿ ಹೋಗಿ ಬರಬೇಕು. ದೂರ ಎರಡರಷ್ಟಾದರೆ ಅದು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ನೇರ ಕೂಗು ನಾಲ್ಕನೇ ಒಂದು ಪಾಲಿಗೆ ಮಾತ್ರ. ಮೇಲಾಗಿ ಕೆರೆಯ ತಳದಲ್ಲಿ ಕಲ್ಲು, ಬೊಡ್ಡೆ, ಯಾರೋ ಎಸೆದ ಟೈರು ಎಲ್ಲ ಇರುತ್ತವೆ. ಎಲ್ಲದರಿಂದಲೂ ಪ್ರತಿಧ್ವನಿ ಬರುತ್ತದೆ. ನಿಮ್ಮ ಪೈಪು ಯಾವುದು ಅಂತ ಹೇಗೆ ಹೇಳುತ್ತೀರಿ?

ವಿಮಾನದ ಕಪ್ಪು ಪೆಟ್ಟಿಗೆಯನ್ನು ನೋಡಿ. ನೀರಿಗೆ ಬಿದ್ದ ತಕ್ಷಣ ಅದಕ್ಕೆ ಅಂಟಿಸಿದ ಪಿಂಗರ್ 37.5 ಕಿಲೋಹರ್ಟ್ಸಿನಲ್ಲಿ ಸೆಕೆಂಡಿಗೊಂದು ಸಲ ಕೂಗಲು ಶುರು ಮಾಡುತ್ತದೆ. ಮೊದಲು 30 ದಿನ ಕೂಗಿದರೆ ಸಾಕಿತ್ತು. 2009ರಲ್ಲಿ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್‌ನಲ್ಲಿ ಬಿದ್ದು, ಪೆಟ್ಟಿಗೆ ಸಿಗಲು ಎರಡು ವರ್ಷ ಆಯಿತಲ್ಲ, ಆಮೇಲೆ 90 ದಿನ ಮಾಡಿದರು. ನಿಮಗೆ ಬೇಕಾದದ್ದು ಅದರ ಬಡ ತಮ್ಮ. ಸಬ್‌ಮರೀನಿನಲ್ಲಿ ಕೂಗುವ ಪೆಟ್ಟಿಗೆ ಒಂದು, ತೆಪ್ಪದಲ್ಲಿ ಕೇಳುವ ಕಿವಿ ಒಂದು. ಅಷ್ಟೇ.

ಕೋಟೆ ಕಲ್ಲು (ಚಿತ್ರದುರ್ಗ)

ಅಥವಾ ಒಂದು ನೈಲಾನ್ ಹಗ್ಗ, ಅದರ ತುದಿಗೆ ಖಾಲಿ ನೀರಿನ ಬಾಟಲಿ. ಹದಿನೈದು ರೂಪಾಯಿ. 😀

ಪಿವಿಸಿ ಪೈಪ್

ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು ಸರ್.

ಹ್ಯಾಮ್ ಮಾಮ

ಸೋನಾರ್ ಅವರ ಮಾತು ಸರಿ. ಅದಕ್ಕೆ ನನ್ನದೊಂದಿಷ್ಟು. ಎರಡು ದಾರಿ ಇವೆ. ಒಂದು, ಕಿವಿಗೆ ಕೇಳುವ ಸದ್ದು, 8-10 ಕಿಲೋಹರ್ಟ್ಸ್ ಅನ್ನಿ. ಹತ್ತು ರೂಪಾಯಿಯ ಬಜರ್ ಬಿಲ್ಲೆ, ಹಾಡು ಕೇಳುವ ಪುಟ್ಟ ಆಂಪ್ಲಿಫೈಯರ್, ಹೆಡ್‌ಫೋನು. ಮುಗಿಯಿತು. ಆದರೆ ದಿಕ್ಕು ಸಿಗುವುದಿಲ್ಲ. ಆ ಸದ್ದಿನ ಅಲೆ ನೀರಲ್ಲಿ ಒಂದು ಗೇಣಿನ ಹತ್ತಿರ ಉದ್ದ. ಅಷ್ಟು ಉದ್ದದ ಅಲೆಗೆ ದಿಕ್ಕು ಕಟ್ಟಬೇಕಾದರೆ ಮೊರದಷ್ಟು ದೊಡ್ಡ ಕಿವಿ ಬೇಕು. ನಮ್ಮ ಎರಡು ಕಿವಿಗಳಿಗೇ ನೀರೊಳಗೆ ದಿಕ್ಕು ತಿಳಿಯುವುದಿಲ್ಲ. ಸದ್ದು ಎರಡೂ ಕಿವಿಗೆ ಹೆಚ್ಚು ಕಡಿಮೆ ಒಟ್ಟಿಗೇ ಮುಟ್ಟಿಬಿಡುತ್ತದೆ. ಬಾವಿಯಲ್ಲಿ ಈಜು ಕಲಿತವರಿಗೆಲ್ಲ ಇದು ಗೊತ್ತು, ಮುಳುಗಿದಾಗ ಮೇಲೆ ಯಾರೋ ಕಲ್ಲು ಕುಟ್ಟಿದರೆ ತಲೆಯೊಳಗೇ ಕುಟ್ಟಿದ ಹಾಗೆ ಇರುತ್ತದೆ.

ಇನ್ನೊಂದು, 40ರ ಆಸುಪಾಸು. ಅಲೆ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಹನ್ನೆರಡು ಸೆಂಟಿಮೀಟರ್ ಬಾಯಿಯ ಡಬ್ಬಿಯೇ ಸುಮಾರು 20 ಡಿಗ್ರಿಯ ಕಿರಿದಾದ ಕಿವಿ ಆಗುತ್ತದೆ. ತಿರುಗಿಸುತ್ತಾ ಎಲ್ಲಿ ಜೋರು ಅಂತ ನೋಡಿದರೆ ಆಯಿತು. ತೊಂದರೆ ಏನೆಂದರೆ 40 ಮನುಷ್ಯನ ಕಿವಿಗೆ ಬೀಳುವುದಿಲ್ಲ. ಅದಕ್ಕೆ ರೇಡಿಯೋದವರ ಹಳೆಯ ಉಪಾಯ ಇದೆ. ಬಂದ 40ಕ್ಕೆ ನೀವೇ ಒಂದು 39 ಬೆರೆಸಿ. ವ್ಯತ್ಯಾಸ 1 ಕಿಲೋಹರ್ಟ್ಸ್, 'ಪೀಂ' ಅಂತ ಕೇಳುತ್ತದೆ. ಬಾವಲಿಗಳ ಸದ್ದು ಕೇಳುವ ಯಂತ್ರವೂ ಹೀಗೇ. ಬೆರೆಸಲು ಒಂದು ಸಿಡಿ4066 ಸ್ವಿಚ್ ಚಿಪ್ಪು, ಮುಂದೆ ಟಿಎಲ್072 ಚಿಪ್ಪು ಹಾಕಿದ ಆಂಪ್ಲಿಫೈಯರ್. ಹಳೆಯ ಬೋರ್ಡು ತಡಕಾಡಿದರೆ ಅರ್ಧ ಸಾಮಾನು ಮನೆಯಲ್ಲೇ ಇರುತ್ತದೆ.

ಮೋಟರ್ ಮೇಸ್ತ್ರಿ (ಜಗಳೂರು ರಸ್ತೆ)

ನಾನು ಓದಿದವನಲ್ಲ. ಸಬ್‌ಮರ್ಸಿಬಲ್ ಮೋಟರ್ ರಿವೈಂಡಿಂಗ್ ಕೆಲಸ, ಇಪ್ಪತ್ತೆರಡು ವರ್ಷ ಆಯಿತು. ಒಂದು ಮಾತು ಹೇಳಲಾ? ನೀವೆಲ್ಲ ಚಿಪ್ಪಿನ ಮಾತು ಆಡುತ್ತಾ ಇದೀರಿ. ಸೋಲುವುದು ಚಿಪ್ಪಲ್ಲ, ಜಾಯಿಂಟು. ಆರುನೂರು ಅಡಿ ಬೋರಿನಲ್ಲಿ ಮೋಟರ್ ಸುಡುವುದು ನೂರಕ್ಕೆ ಐವತ್ತು ಸಲ ಕೇಬಲ್ ಜಾಯಿಂಟಿನಿಂದ.

ವೈರಿನ ತುದಿ ಒದ್ದೆ ಆದರೆ ನೀರು ಎಳೆಗಳ ನಡುವೆ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಹೊರಗೆ ಟೇಪು ಎಷ್ಟು ಸುತ್ತಿದರೂ ಪ್ರಯೋಜನ ಇಲ್ಲ, ಅದು ಒಳಗಿಂದ ಬರುವುದು. ಮಾಡಬೇಕಾದ್ದು ಇಷ್ಟು. ಡಬ್ಬಿಗೆ ಹೋಗುವ ಮುಂಚೆ ಒಂದು ಇಂಚು ಇನ್ಸುಲೇಷನ್ ಸುಲಿಯಿರಿ. ಎಳೆಗಳೊಳಗೆ ಸೀಸ ಇಳಿಯುವ ಹಾಗೆ ಚೆನ್ನಾಗಿ ಸೋಲ್ಡರ್ ಕುಡಿಸಿ, ಕಂಬಿ ಥರ ಗಟ್ಟಿ ಆಗಬೇಕು. ಆ ಜಾಗವನ್ನು ಪೂರ್ತಿ ಅರಾಲ್ಡೈಟ್‌ನಲ್ಲಿ ಮುಳುಗಿಸಿ. ಮುಂಚೆ ಕೇಬಲಿನ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ಪಿವಿಸಿಗೆ ಅದು ಕಚ್ಚುವುದಿಲ್ಲ, ಒಣಗಿದ ಮೇಲೆ ತೊಗಲಿನ ಹಾಗೆ ಕಿತ್ತು ಬರುತ್ತದೆ. ಆಮೇಲೆ ಒಂದು ರಾತ್ರಿ ಉಪ್ಪು ನೀರಿನ ಬಕೆಟಿನಲ್ಲಿ ಹಾಕಿ, ಬೆಳಿಗ್ಗೆ ಮೆಗ್ಗರ್ (ಇನ್ಸುಲೇಷನ್ ನೋಡುವ ಮೀಟರ್) ಹಚ್ಚಿ. ಬರೀ ಕೇಬಲ್ ಜಾಯಿಂಟಿಗೆ ಮಾತ್ರ, ಬೋರ್ಡು ಬಿಚ್ಚಿಟ್ಟು. ಮೆಗ್ಗರ್ ಐನೂರು ವೋಲ್ಟ್ ಬಿಡುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಇನ್ನೊಂದು, ಚಿನ್ನಬೆಳ್ಳಿ ಅಂಗಡಿಯವರು ಒಡವೆ ತೊಳೆಯುವ ಬಾಂಡಲಿ ಇದೆಯಲ್ಲ, ನೀರು ಸುಯ್ ಅನ್ನುವುದು. ರಿಪೇರಿಗೆ ನನ್ನ ಹತ್ತಿರ ಬರುತ್ತದೆ. ಅದರ ತಳಕ್ಕೆ ಅಂಟಿಸಿದ ಗಟ್ಟಿ ಲೋಹದ ಗುಂಡು ಒಂದು ಇರುತ್ತದೆ, ಮೇಲೆ 40 ಕಿಲೋಹರ್ಟ್ಸ್ ಅಂತ ಬರೆದಿರುತ್ತದೆ. ನಿಮಗೆ ಬೇಕಾದ್ದು ಅದೇನಾ?

ನಿವೃತ್ತ ಸೋನಾರ್

ಮೇಸ್ತ್ರಿಯವರೇ, ಅದೇ! ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಲಾಂಜೆವಾನ್ ಸಬ್‌ಮರೀನು ಹುಡುಕಲೆಂದೇ ಕಟ್ಟಿದ್ದು ಇದರ ಮುತ್ತಜ್ಜನನ್ನು. ಉಕ್ಕಿನ ಎರಡು ತಟ್ಟೆಗಳ ನಡುವೆ ಸ್ಫಟಿಕ. ಈಗ ಸ್ಫಟಿಕದ ಬದಲು ಸಿರಾಮಿಕ್ ಬಳೆಗಳು, ನಡುವೆ ಬೋಲ್ಟು. ಸಬ್‌ಮರೀನು ಹುಡುಕಲು ಹುಟ್ಟಿದ್ದು ಒಡವೆ ತೊಳೆಯಲು ಹೋಯಿತು, ಈಗ ನೀವು ವಾಪಸ್ಸು ಕರೆದುಕೊಂಡು ಬರುತ್ತಿದ್ದೀರಿ.

ಕೆಟ್ಟು ಬಿದ್ದದ್ದು ಇದ್ದರೆ ಅದನ್ನೂ ಎಸೆಯಬೇಡಿ. ಬೋಲ್ಟು ಬಿಚ್ಚಿದರೆ ಒಳಗೆ ಸಿರಾಮಿಕ್ ಬಳೆ ಎರಡು ಸಿಗುತ್ತವೆ. ಬಿರುಕು ಇಲ್ಲದ್ದು ಒಂದು ಸಾಕು, ಕೇಳುವ ಕಿವಿ ಅದರಲ್ಲೇ ಆಗುತ್ತದೆ.

ಪಿವಿಸಿ ಪೈಪ್

ಮೇಸ್ತ್ರಿ ಅಣ್ಣನ ಅಂಗಡಿಗೆ ಹೋಗಿ ಬಂದೆ. ಒಳ್ಳೆಯದು ಒಂದು, ಕೆಟ್ಟದ್ದು ಒಂದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಮಂಡಕ್ಕಿ ಮಿರ್ಚಿ ತರಿಸಿ ಅವರೇ ತಿನ್ನಿಸಿದರು. ಈಗ ಕಿವಿಯ ಪ್ರಶ್ನೆ. ಬಳೆಯನ್ನು ಬರೀ ಅರಾಲ್ಡೈಟ್‌ನಲ್ಲಿ ಮುಚ್ಚಿದರೆ ಸಾಕಾ?

ನಿವೃತ್ತ ಸೋನಾರ್

ಸಾಕು, ಗುಳ್ಳೆ ಇಲ್ಲದೆ ಸುರಿಯುವ ಕೈ ಇದ್ದರೆ. ಗಟ್ಟಿಯಾದ ಮೇಲೆ ಒಳಗೆ ಒಂದು ಗುಳ್ಳೆ ಕಂಡರೂ ತೆಗೆಯಲು ಬರುವುದಿಲ್ಲ. ಅದಕ್ಕಿಂತ ಒಳ್ಳೆಯದು ಹರಳೆಣ್ಣೆ. ತಮಾಷೆ ಅಲ್ಲ. ನಿಜವಾದ ಹೈಡ್ರೋಫೋನುಗಳಲ್ಲೂ (ನೀರೊಳಗಿನ ಮೈಕು) ಹರಳೆಣ್ಣೆ ತುಂಬುತ್ತಾರೆ. ಸದ್ದಿನ ಮಟ್ಟಿಗೆ ಅದೂ ನೀರೂ ಹೆಚ್ಚು ಕಡಿಮೆ ಒಂದೇ, ಗಡಿ ದಾಟಿದ್ದೇ ಸದ್ದಿಗೆ ಗೊತ್ತಾಗುವುದಿಲ್ಲ. ಕರೆಂಟು ಹರಿಸುವುದಿಲ್ಲ. ರಬ್ಬರ್ ತಿನ್ನುವುದಿಲ್ಲ. ಸೈಕಲ್ ಟ್ಯೂಬಿನ ತುಂಡಿನಲ್ಲಿ ಬಳೆ ಇಟ್ಟು, ಎಣ್ಣೆ ತುಂಬಿ, ಎರಡೂ ಕಡೆ ಬಿಗಿದರೆ ಕಿವಿ ತಯಾರು.

ಕೋಟೆ ಕಲ್ಲು

ನಮ್ಮಜ್ಜಿ ಹೊಟ್ಟೆ ಕಟ್ಟಿದರೆ ಕೊಡುತ್ತಿದ್ದದ್ದು ಸಬ್‌ಮರೀನಿನ ಎಣ್ಣೆ ಅಂತ ಈಗ ಗೊತ್ತಾಯಿತು. ಹಿರಿಯೂರು ಕಡೆ ಅತ್ತೆಯ ಮನೆಯಲ್ಲಿ ಹೊಲದ ಬದುವಿಗೆ ಹರಳು ಹಾಕುತ್ತಾರೆ, ಎಣ್ಣೆ ಮನೆಯಲ್ಲೇ ತೆಗೆಯುತ್ತಾರೆ. ಒಂದು ಬಾಟಲಿ ತಂದು ಕೊಡುತ್ತೇನೆ. ಹಗ್ಗದ ಮಾತು ಮಾತ್ರ ವಾಪಸ್ಸು ತೆಗೆದುಕೊಳ್ಳುವುದಿಲ್ಲ.

ಪಿವಿಸಿ ಪೈಪ್

ಹರಳೆಣ್ಣೆಯ ಕಿವಿ ಮೊದಲನೇ ದಿನ ಚೆನ್ನಾಗಿ ಕೇಳಿತು. ಎರಡನೇ ದಿನ ಬರೀ ಬುರ್ರ್ ಅಂತ ಸದ್ದು. ಬಿಚ್ಚಿ ನೋಡಿದರೆ ಎಣ್ಣೆ ಮಬ್ಬಾಗಿತ್ತು.

ಮೋಟರ್ ಮೇಸ್ತ್ರಿ

ಮನೆಯಲ್ಲಿ ತೆಗೆದ ಎಣ್ಣೆ ಅಂದರೆ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆದದ್ದು ತಾನೇ? ಅದರಲ್ಲಿ ನೀರಿನ ಅಂಶ ಉಳಿದಿರುತ್ತದೆ ತಮ್ಮಾ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಮಾಡಿದ ಹಾಗೆ ಮಾಡು. ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವ ತನಕ ಕಾಯಿಸು, ಹೊಗೆ ಏಳಬಾರದು. ಮುಚ್ಚಿಟ್ಟು ಆರಿಸು. ಒಂದು ದಿನ ಅಲುಗಿಸದೆ ಇಡು, ಗುಳ್ಳೆ ತಾನಾಗೇ ಮೇಲೆ ಬರುತ್ತದೆ. ಆಮೇಲೆ ಟ್ಯೂಬಿನ ಗೋಡೆಗೆ ಹರಿಸುತ್ತಾ ನಿಧಾನ ತುಂಬು, ಮೇಲಿಂದ ಸುರಿಯಬೇಡ.

ಪಿವಿಸಿ ಪೈಪ್

ಮೇಸ್ತ್ರಿ ಹೇಳಿದ ಹಾಗೆ ಮಾಡಿದೆ. ನಾಲ್ಕು ದಿನದಿಂದ ಬಕೆಟಿನಲ್ಲಿದೆ, ಸದ್ದು ಸ್ವಚ್ಛ. ಮನೆಯವರು ಸ್ನಾನಕ್ಕೆ ಬಕೆಟ್ ಇಲ್ಲ ಅಂತ ಬೈಯುತ್ತಿದ್ದಾರೆ.

ಆರನೇ ಸೆಮ್

ಕೂಗುವ ಬೋರ್ಡು ನಾನು ಮಾಡಿದೆ ಅಣ್ಣ. ಸಣ್ಣ ಮೈಕ್ರೋಕಂಟ್ರೋಲರ್, ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದು ಮಾಸ್ಫೆಟ್, ಹಳೆಯ ಸಿಎಫ್‌ಎಲ್ ಬಲ್ಬಿನಿಂದ ಬಿಚ್ಚಿದ ಫೆರೈಟ್ ಮೇಲೆ ನಾನೇ ಸುತ್ತಿದ ಟ್ರಾನ್ಸ್‌ಫಾರ್ಮರ್. ಸೆಕೆಂಡಿಗೊಂದು ಸಲ 10 ಮಿಲಿಸೆಕೆಂಡು ಮಾತ್ರ ಕೂಗುತ್ತದೆ. ಅಂದರೆ ನೂರರಲ್ಲಿ ಒಂದು ಪಾಲು ಹೊತ್ತು. ಕೂಗುವಾಗ 5 ವಾಟ್ ಎಳೆದರೂ ಸರಾಸರಿ 50 ಮಿಲಿವಾಟ್. ಲ್ಯಾಪ್‌ಟಾಪ್ ಬ್ಯಾಟರಿಯ ಒಂದು ಸೆಲ್ಲು ಒಂದು ವಾರ ಬರಬೇಕು. ಸಬ್‌ಮರೀನಿನ ದೊಡ್ಡ ಬ್ಯಾಟರಿಗೆ ಸೇರಿಸಿಲ್ಲ, ಅದು ಸತ್ತರೂ ಇದು ಕೂಗುತ್ತಿರಲಿ ಅಂತ.

ಒಂದು ಎಚ್ಚರಿಕೆ. ಗುಂಡಿನ ತಂತಿಗಳ ಮೇಲೆ ನೂರೈವತ್ತು ವೋಲ್ಟ್ ಮೇಲೆ ಬರುತ್ತದೆ. ಕೈ ತಾಗಿ ಜುಮ್ ಅಂದಿತು, ಟೀ ಲೋಟ ಲ್ಯಾಪ್‌ಟಾಪ್ ಮೇಲೆ.

ಗುಂಡಿನ ಮೇಲೆ 40 ಅಂತ ಬರೆದಿದ್ದರೂ ತಟ್ಟೆಗೆ ಅಂಟಿಸಿ ನೀರಿಗೆ ಇಟ್ಟ ಮೇಲೆ ಅದು ಬದಲಾಗುತ್ತದೆ. 36ರಿಂದ 42ರ ತನಕ ಮೆಲ್ಲಗೆ ಏರಿಸಿ ನೋಡಿದೆ. ನಮ್ಮದು 39.2ರಲ್ಲಿ ಜೋರು. ಅರ್ಧ ಕಿಲೋಹರ್ಟ್ಸ್ ಆಚೀಚೆ ಆದರೂ ಸದ್ದು ಬಿದ್ದುಹೋಗುತ್ತದೆ.

ಸೂಳೆಕೆರೆ ಕಡೆಯವನು (ಚನ್ನಗಿರಿ)

ನಮ್ಮ ಕಡೆ ಬಂದು ಪರೀಕ್ಷೆ ಮಾಡುತ್ತೀರಾ ಅಂತ ಕೇಳಬೇಕು ಅಂದುಕೊಂಡೆ. ಆದರೆ ಎರಡು ಪ್ರಶ್ನೆ. ಮೀನಿನವರು ಕೇಳುತ್ತಾರೆ, ಈ ಸದ್ದಿಗೆ ಮೀನು ಓಡಿಹೋಗಲ್ವಾ ಅಂತ. ಎರಡನೇದು, ಬ್ಯಾಟರಿ ಒಡೆದರೆ? ಅದು ಚಿತ್ರದುರ್ಗದವರು ಕುಡಿಯುವ ನೀರು.

ಕೋಟೆ ಕಲ್ಲು

ಹೌದು ಸ್ವಾಮಿ, ನಾವು ಕುಡಿಯುವುದು ಅದನ್ನೇ. ನಿಮ್ಮ ಸೀಸ, ಲಿಥಿಯಂ, ಅರಾಲ್ಡೈಟ್ ಎಲ್ಲ ಬೇರೆ ಕಡೆ ಇಟ್ಟುಕೊಳ್ಳಿ.

ನಿವೃತ್ತ ಸೋನಾರ್

ಮೀನಿನ ಬಗ್ಗೆ ಹೇಳುತ್ತೇನೆ. ಕಟ್ಲ, ರೋಹು ಎಲ್ಲ ಗೆಂಡೆ ಜಾತಿಯವು, ಮೀನುಗಳಲ್ಲಿ ಕಿವಿ ಚುರುಕು. ಆದರೂ ಕೆಲವು ಕಿಲೋಹರ್ಟ್ಸ್ ದಾಟಿದ್ದು ಅವಕ್ಕೆ ಕೇಳುವುದಿಲ್ಲ. 39 ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಪ್ರೊಪೆಲ್ಲರಿನ ಗುರ್ರ್ ಸದ್ದು ಮಾತ್ರ ಚೆನ್ನಾಗಿ ಕೇಳುತ್ತದೆ.

ಕುಡಿಯುವ ನೀರಿನ ಮಾತು ಸರಿ. ಸೂಳೆಕೆರೆ, ಕುಂದುವಾಡ ಕೆರೆ ಎರಡೂ ಬೇಡ. ವಾಣಿವಿಲಾಸ ಸಾಗರ ಅಂತೂ ಅಣೆಕಟ್ಟು, ಅಲ್ಲಿ ಅನುಮತಿ ಇಲ್ಲದೆ ಪೀಂ ಪೀಂ ಅನ್ನುವ ಕೊಳವೆ ಬಿಟ್ಟರೆ ನಿಮ್ಮನ್ನು ಹುಡುಕಲು ಬೇರೆಯವರು ಬರುತ್ತಾರೆ. ಎಲ್ಲಿ ಬಿಟ್ಟರೂ ಸಬ್‌ಮರೀನಿನ ಮೈಮೇಲೆ ದೊಡ್ಡದಾಗಿ "ಇದು ಆಟಿಕೆ" ಅಂತ ಕನ್ನಡದಲ್ಲಿ ಬರೆದು ನಿಮ್ಮ ಫೋನ್ ನಂಬರ್ ಹಾಕಿ. ಮೊದಲು ಕೃಷಿ ಹೊಂಡದಲ್ಲಿ ನೋಡಿ.

ಹೊಸ ಸದಸ್ಯ 41

ಚರ್ಚೆ ಚೆನ್ನಾಗಿದೆ. ನಾನು ಡೀಸೆಲ್ ಟ್ಯಾಂಕರಿನ ಹಳೆ ಟ್ಯಾಂಕಿನಲ್ಲಿ ಒಬ್ಬ ಕೂರುವ ಸಬ್‌ಮರೀನು ಮಾಡುವ ಯೋಚನೆಯಲ್ಲಿದ್ದೇನೆ. ಇದೇ ಪಿಂಗರ್ ಹಾಕಿದರೆ ಸುರಕ್ಷಿತ ಅಲ್ವಾ?

ನಿವೃತ್ತ ಸೋನಾರ್

ಅಲ್ಲ. ಪಿಂಗರ್ ಹೇಳುವುದು ಎಲ್ಲಿದೆ ಅಂತ ಮಾತ್ರ, ಒಳಗಿದ್ದವರನ್ನು ಮೇಲೆ ತರುವುದಿಲ್ಲ. 2023ರ ಜೂನಿನಲ್ಲಿ ಟೈಟಾನಿಕ್ ನೋಡಲು ಹೋದ ಟೈಟನ್ ಸಬ್‌ಮರೀನಿನ ಜೊತೆ ಹಡಗಿನವರು ಸದ್ದಿನ ಮೂಲಕವೇ ಸಂದೇಶ ನಡೆಸುತ್ತಿದ್ದರು. ಇಳಿಯಲು ಶುರು ಮಾಡಿ ಒಂದೂಮುಕ್ಕಾಲು ಗಂಟೆಯಲ್ಲಿ ಸಂಪರ್ಕ ಹೋಯಿತು, ಐದು ಜನ ಹೋದರು. ಆಳ ಸಮುದ್ರಕ್ಕೆ ಇಳಿಸಲು ಕಟ್ಟುವ ನಮ್ಮ ದೇಶದ ಮತ್ಸ್ಯ 6000 ಮೂರು ಜನರನ್ನು ಕೂರಿಸುವುದು 2.1 ಮೀಟರ್ ಅಗಲದ ಟೈಟಾನಿಯಂ ಗುಂಡಿನಲ್ಲಿ, ಡೀಸೆಲ್ ಟ್ಯಾಂಕಿನಲ್ಲಿ ಅಲ್ಲ. ಚಪ್ಪಟೆ ತಳದ ಟ್ಯಾಂಕು ಹತ್ತು ಮೀಟರ್ ಆಳದಲ್ಲಿ ಚದರ ಮೀಟರಿಗೆ ಹತ್ತು ಟನ್ ತೂಕ ಹೊರಬೇಕು. ದಯವಿಟ್ಟು ಬೇಡ ತಮ್ಮಾ. ಪೈಪಿನದು ಮಾಡು, ಕಳೆದರೆ ಎಂಟುನೂರು ರೂಪಾಯಿ ಹೋಗುತ್ತದೆ ಅಷ್ಟೇ.

ಪಿವಿಸಿ ಪೈಪ್

ಮೊದಲ ಪರೀಕ್ಷೆಯ ವರದಿ. ಜಾಗ, ಜಗಳೂರು ಹತ್ತಿರ ಮೇಸ್ತ್ರಿ ಅಣ್ಣನ ಷಡ್ಡಕನ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ್ದು, ಇಪ್ಪತ್ತು ಮೀಟರ್ ಚೌಕ.

ನೀರಿಗೆ ಹಾಕುವ ಮುಂಚೆ ಗುಂಡನ್ನು ಹೊರಗೇ ಒಂದು ಸಲ ಚಾಲೂ ಮಾಡಿದೆವು. ನಮಗೆ ಏನೂ ಕೇಳಲಿಲ್ಲ. ಹೊಲದ ನಾಯಿ ಮಾತ್ರ ಎದ್ದು ನಿಂತು ಕಿವಿ ನಿಮಿರಿಸಿ ನಮ್ಮನ್ನೇ ನೋಡುತ್ತಿತ್ತು. ಕೂಗುತ್ತಿದೆ ಅಂತ ಖಾತ್ರಿ ಆಯಿತು.

ನೀರಿಗೆ ಹಾಕಿದೆವು. ಪೀಂ, ಪೀಂ. ಎಂಥ ಖುಷಿ ಅಂತ ಹೇಳಲಿ! ಆಮೇಲೆ ಡಬ್ಬಿಯಲ್ಲಿಟ್ಟ ಕಿವಿ ತಿರುಗಿಸಿದೆ. ಉತ್ತರಕ್ಕೆ ಪೀಂ. ದಕ್ಷಿಣಕ್ಕೂ ಪೀಂ. ಎಲ್ಲ ಕಡೆಯಿಂದಲೂ ಅಷ್ಟೇ ಜೋರು. ಸಬ್‌ಮರೀನು ನಾಲ್ಕು ಇವೆಯೇನೋ ಅನ್ನುವ ಹಾಗೆ. ನನ್ನ ಡಬ್ಬಿ ಕೆಟ್ಟಿದೆಯಾ, ಹೊಂಡ ಕೆಟ್ಟಿದೆಯಾ?

ನಿವೃತ್ತ ಸೋನಾರ್

ಎರಡೂ. ಹೊಂಡ ಅಂದರೆ ಖಾಲಿ ಕಲ್ಯಾಣ ಮಂಟಪ ಇದ್ದ ಹಾಗೆ. ನಾಲ್ಕು ಗೋಡೆ, ತಳ, ಮೇಲೆ ನೀರಿನ ಮೈ, ಎಲ್ಲವೂ ಸದ್ದನ್ನು ತಿರುಗಿ ಎಸೆಯುತ್ತವೆ. ತೆರೆದ ಕೆರೆಯಲ್ಲಿ ಇದು ಅರ್ಧ ಕಡಿಮೆ ಆಗುತ್ತದೆ. ಇನ್ನರ್ಧಕ್ಕೆ ಡಬ್ಬಿಯ ಒಳಮೈ ಮತ್ತು ಬೆನ್ನಿಗೆ ಗಾಳಿಗುಳ್ಳೆ ಇರುವ ರಬ್ಬರ್ ಹಾಸಿ. ಬರೀ ಪ್ಲಾಸ್ಟಿಕ್ ಆದರೆ ಸದ್ದು ಅದರ ಮೂಲಕವೇ ಹಾದು ಬರುತ್ತದೆ.

ಮೋಟರ್ ಮೇಸ್ತ್ರಿ

ಹವಾಯಿ ಚಪ್ಪಲಿ ನಡೆಯುತ್ತದಾ?

ನಿವೃತ್ತ ಸೋನಾರ್

ಸೊಗಸಾಗಿ ನಡೆಯುತ್ತದೆ. ನೀರಲ್ಲಿ ತೇಲುತ್ತದೆ, ನೀರು ಕುಡಿಯುವುದಿಲ್ಲ, ಅಂದರೆ ಒಳಗೆ ಮುಚ್ಚಿದ ಗುಳ್ಳೆಗಳಿವೆ. ಗಾಳಿ ನಮ್ಮ ಶತ್ರು ಅಂತ ಮೊದಲೇ ಹೇಳಿದೆನಲ್ಲ, ಇಲ್ಲಿ ಅದನ್ನೇ ಕೂಲಿಗೆ ಹಚ್ಚಬೇಕು. ಬೇಡದ ಕಡೆಯ ಸದ್ದನ್ನು ಅದು ತಡೆದು ನಿಲ್ಲಿಸುತ್ತದೆ.

ಆರನೇ ಸೆಮ್

ಸರ್, ದಿಕ್ಕು ಮಾತ್ರ ಅಲ್ಲದೆ ದೂರವೂ ಸಿಕ್ಕರೆ ಒಳ್ಳೆಯದಲ್ವಾ? ಕೂಗುವವನು, ಕೇಳುವವನು ಇಬ್ಬರಿಗೂ ಒಂದೇ ಸಮಯಕ್ಕೆ ಗಡಿಯಾರ ಹೊಂದಿಸಿ ಬಿಟ್ಟರೆ ಸಾಕು. ಸೆಕೆಂಡು ಶುರುವಾದಾಗ ಕೂಗು, ಎಷ್ಟು ತಡವಾಗಿ ಬಂತು ಅಂತ ನೋಡಿ 1,500ರಿಂದ ಗುಣಿಸಿದರೆ ಮೀಟರ್.

ಹ್ಯಾಮ್ ಮಾಮ

ಲೆಕ್ಕ ಹಾಕಿ ನೋಡು ಮಗು. ಮಾಮೂಲಿ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20 ಪಾಲು ತಪ್ಪುತ್ತದೆ. ಒಂದು ಗಂಟೆಗೆ 72 ಮಿಲಿಸೆಕೆಂಡು. ಅಡುಗೆಮನೆ ಗಡಿಯಾರಕ್ಕೆ ಅದು ಲೆಕ್ಕಕ್ಕೇ ಇಲ್ಲ. ನಿನ್ನ ಸಬ್‌ಮರೀನಿಗೆ ಅದು ನೂರು ಮೀಟರಿಗೂ ಜಾಸ್ತಿ! ಡಿಎಸ್3231 ಅಂತ ಗಡಿಯಾರದ ಚಿಪ್ಪು ತೆಗೆದುಕೋ. ಬಿಸಿ ತಂಪು ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ತಪ್ಪು ಹತ್ತು ಲಕ್ಷಕ್ಕೆ 2 ಪಾಲು. ಗಂಟೆಗೆ ಹತ್ತು ಹನ್ನೊಂದು ಮೀಟರ್. ಎರಡು ಚಿಪ್ಪೂ ಎದುರುಬದುರು ದಿಕ್ಕಿಗೆ ತಪ್ಪಿದರೆ ಅದರ ಎರಡರಷ್ಟು. ಸೆಕೆಂಡಿಗೊಂದು ಬಡಿತವನ್ನೂ ಅದೇ ಕೊಡುತ್ತದೆ.

ನಿವೃತ್ತ ಸೋನಾರ್

1,500 ಅಂತ ಕಣ್ಣು ಮುಚ್ಚಿ ಹಾಕಬೇಡ. ಸಿಹಿನೀರಲ್ಲಿ 20 ಡಿಗ್ರಿಗೆ 1,482, 25ಕ್ಕೆ 1,497, 30ಕ್ಕೆ 1,509. ನಮ್ಮ ಕೆರೆಗೆ ಬೇಸಿಗೆಯಲ್ಲಿ 1,505 ಹಾಕಿದರೆ ಸರಿ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಇದನ್ನು ಅಳೆದದ್ದು ಕೂಡ ನಿನ್ನ ಉಪಾಯದಲ್ಲೇ. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿದರು, ಅದೇ ಕ್ಷಣಕ್ಕೆ ಮೇಲೆ ಮದ್ದು ಹೊತ್ತಿಸಿ ಬೆಳಕು ಮಾಡಿದರು. ಹದಿಮೂರು ಕಿಲೋಮೀಟರ್ ಆಚೆ ಇನ್ನೊಂದು ದೋಣಿಯಲ್ಲಿ ಉದ್ದ ಕೊಳವೆ ನೀರಿಗಿಳಿಸಿ ಕಿವಿಯಿಟ್ಟು ಕೇಳಿದರು. 8 ಡಿಗ್ರಿಯ ನೀರಲ್ಲಿ ಸೆಕೆಂಡಿಗೆ 1,435 ಮೀಟರ್ ಬಂತು. ಬರೀ ಕಿವಿ, ಬರೀ ಸ್ಟಾಪ್ ವಾಚು.

ಇನ್ನೊಂದು ಅನುಕೂಲ ಇದೆ. 40 ಕಿಲೋಹರ್ಟ್ಸಿನ ಸದ್ದು ಸಮುದ್ರದಲ್ಲಿ ಕಿಲೋಮೀಟರಿಗೆ ಸುಮಾರು 10 ಡೆಸಿಬಲ್ ಕರಗಿ ಹೋಗುತ್ತದೆ. ಅಲ್ಲಿನ ಮೆಗ್ನೀಸಿಯಂ ಸಲ್ಫೇಟ್ ಅದನ್ನು ನುಂಗುತ್ತದೆ. ಕೆರೆಯ ನೀರಲ್ಲಿ ಒಂದು ಡೆಸಿಬಲ್ ಕೂಡ ಇಲ್ಲ. ಸಮುದ್ರ ಇಲ್ಲದ ಜಿಲ್ಲೆಯಲ್ಲಿ ಹುಟ್ಟಿದ್ದಕ್ಕೆ ಇದೊಂದು ಲಾಭ.

ಪಿವಿಸಿ ಪೈಪ್

ಎರಡನೇ ಪರೀಕ್ಷೆ. ಈ ಸಲ ನಮ್ಮೂರ ಕೆರೆಯಲ್ಲೇ, ಅದು ಕುಡಿಯುವ ನೀರಿನದಲ್ಲ. ಪಂಚಾಯಿತಿಗೂ ಹೇಳಿ, ಮೀನಿನ ಗುತ್ತಿಗೆಯವರನ್ನೂ ಕೇಳಿಕೊಂಡು ಹೋದೆವು. ಹೋದ ಸಲ ನಕ್ಕವರೇ ತೆಪ್ಪ ಹಾಕಿದರು.

ಬೆಳಿಗ್ಗೆ ಆರಕ್ಕೆ, ಗಾಳಿ ಏಳುವ ಮುಂಚೆ. ಆರನೇ ಸೆಮ್ ಹುಡುಗ ನಮಗೆ ಕಾಣದ ಹಾಗೆ ಸಬ್‌ಮರೀನನ್ನು ಎಲ್ಲೋ ಮುಳುಗಿಸಿ ಬಂದ. ಮೊದಲ ಅರ್ಧ ಗಂಟೆ ಏನೂ ಇಲ್ಲ. ಹೆಡ್‌ಫೋನಿನಲ್ಲಿ ಬರೀ ಚಿಟಪಟ, ಹುಟ್ಟು ಹಾಕಿದ ಸದ್ದು, ದೂರದಲ್ಲಿ ಯಾರದೋ ಪಂಪ್‌ಸೆಟ್ಟು. ಹೊಟ್ಟೆಯಲ್ಲಿ ಕಲಸಿದ ಹಾಗೆ ಆಯಿತು. ಎರಡನೇ ಸಲ ಕಳೆದರೆ ಮನೆಗೆ ಏನಂತ ಹೇಳಲಿ?

ಆಮೇಲೆ ಬಹಳ ಸಣ್ಣಗೆ ಪೀಂ. ತಿರುಗಿಸಿದೆ, ಹೋಯಿತು. ವಾಪಸ್ಸು ತಿರುಗಿಸಿದೆ, ಬಂತು. ಚಪ್ಪಲಿ ಕೆಲಸ ಮಾಡುತ್ತಿತ್ತು! ಬೆರಳು ತೋರಿಸಿದ ಕಡೆಗೆ ತೆಪ್ಪದವರು ಹುಟ್ಟು ಹಾಕಿದರು. ಫೋನಿನ ದಿಕ್ಸೂಚಿ ನೋಡಿ ಕಾಗದದ ಮೇಲೆ ಒಂದು ಗೆರೆ ಎಳೆದೆ. ಐವತ್ತು ಮೀಟರ್ ಪಕ್ಕಕ್ಕೆ ಹೋಗಿ ಇನ್ನೊಂದು ಗೆರೆ. ಎರಡೂ ಕೂಡಿದ ಜಾಗಕ್ಕೆ ಹೋದರೆ ಸದ್ದು ಕಿವಿ ಒಡೆಯುವಷ್ಟು. ಗಳ ಇಳಿಸಿದೆವು, ಟಕ್ ಅಂತ ಪೈಪಿಗೆ ತಾಗಿತು. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಹೋದ ಸಲ ಐದು ದಿನ.

ಮೊದಲು ಯಾಕೆ ಕೇಳಲಿಲ್ಲ ಅಂತ ಮೇಲೆತ್ತಿದಾಗ ಗೊತ್ತಾಯಿತು. ಗುಂಡನ್ನು ಬಾಲದ ಕಡೆ ಸ್ಟೀಲ್ ತಟ್ಟೆಗೆ ಅಂಟಿಸಿದ್ದೆ. ಸಬ್‌ಮರೀನು ಬಾಲ ಕೆಳಗಾಗಿ ಇಳಿದು ಹೂಳಿನಲ್ಲಿ ಒಂದು ಮೊಳ ಹೂತಿತ್ತು.

ನಿವೃತ್ತ ಸೋನಾರ್

ಹೂಳಿನಲ್ಲಿ ಕೊಳೆತ ಎಲೆಯ ಗಾಳಿಗುಳ್ಳೆ ತುಂಬಿರುತ್ತದೆ, ಸದ್ದಿಗೆ ಅದು ರಜಾಯಿ ಹೊದಿಸಿದ ಹಾಗೆ. ಅಷ್ಟಾದರೂ ಕೇಳಿತಲ್ಲ, ಭೇಷ್. ಗುಂಡನ್ನು ಬೆನ್ನ ಮೇಲಕ್ಕೆ ತನ್ನಿ. ಅದರ ತೂಕ ಮೇಲೆ ಬಂದರೆ ಸಬ್‌ಮರೀನು ಮಗುಚುತ್ತದೆ, ಹೊಟ್ಟೆಯಲ್ಲಿ ಸೀಸ ಅಷ್ಟೇ ಹೆಚ್ಚಿಸಬೇಕು.

ಆರನೇ ಸೆಮ್

ದೂರದ ಲೆಕ್ಕವೂ ಬಂತು ಸರ್. ತೆಪ್ಪ ದಂಡೆಯಲ್ಲಿದ್ದಾಗ ಯಂತ್ರ 118 ಮೀಟರ್ ಅಂದಿತು. ಆಮೇಲೆ ಹಗ್ಗ ಹಿಡಿದು ಅಳೆದರೆ 111.

ಕೋಟೆ ಕಲ್ಲು

ಅಂತೂ ಹಗ್ಗ ಬೇಕಾಯಿತು.

ಪಿವಿಸಿ ಪೈಪ್

ಖರ್ಚಿನ ಲೆಕ್ಕವೂ ಹೇಳಿಬಿಡುತ್ತೇನೆ. ಗುಂಡು, ಬಳೆ ಮೇಸ್ತ್ರಿ ಅಣ್ಣನದು, ಹರಳೆಣ್ಣೆ ಕೋಟೆಯವರದು, ಚಪ್ಪಲಿ ನಮ್ಮಪ್ಪನದು (ಇನ್ನೂ ಹೇಳಿಲ್ಲ). ಉಳಿದ ಚಿಪ್ಪು, ಸೆಲ್ಲು, ಅರಾಲ್ಡೈಟ್, ಹೆಡ್‌ಫೋನು ಎಲ್ಲ ಸೇರಿ 1,340 ರೂಪಾಯಿ. ಹಾಳು ಮಾಡಿದ ಎರಡು ಬೋರ್ಡು ಲೆಕ್ಕಕ್ಕೆ ಹಿಡಿದಿಲ್ಲ.

ಮೋಟರ್ ಮೇಸ್ತ್ರಿ

ತಮ್ಮಾ, ಆ ಕಿವಿ ಎರಡು ದಿನ ಕೊಡುತ್ತೀಯಾ? ನಮ್ಮ ಗಿರಾಕಿಯ ತೆರೆದ ಬಾವಿಯಲ್ಲಿ ಮೂರು ಎಚ್‌ಪಿ ಮೋಟರ್ ಹಗ್ಗ ಹರಿದು ಬಿದ್ದಿದೆ. ನಲವತ್ತು ಅಡಿ ನೀರು.

ಪಿವಿಸಿ ಪೈಪ್

ಕೊಡುವುದಕ್ಕೇನಣ್ಣ, ಆದರೆ ನಿಮ್ಮ ಮೋಟರ್ ಕೂಗುವುದಿಲ್ಲವಲ್ಲ.

ಮೋಟರ್ ಮೇಸ್ತ್ರಿ

ಹೌದಲ್ಲಾ. ಸರಿ, ಪಾತಾಳಗರಡಿ ತರುತ್ತೇನೆ.